ರಘೋತ್ತಮನ ಅಂಗಳದ ಐದೆಲೆ ಬಿಲ್ವ

ರಘೋತ್ತಮನ ಫಜೀತಿಗೆಲ್ಲ ಮೂಲ ಒಂದು ಕಾಯಿ. ನಿಂಬೆಹಣ್ಣಿನ ಗಾತ್ರದ, ಕಲ್ಲಿನಷ್ಟು ಗಟ್ಟಿಯಾದ ಆ ಹಸಿರು ಕಾಯಿ ಸೋಮವಾರ ಬೆಳಿಗ್ಗೆ ಮರದಿಂದ ಕಳಚಿಕೊಂಡು ಅವನ ಹೊಸ ಕೆಂಪು ಕಾರಿನ ಬಾನೆಟ್ಟಿನ ಮೇಲೆ ಟಪ್ಪೆಂದು ಬಿತ್ತು. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ರಘೋತ್ತಮನಿಗೆ ಅದು ತನ್ನ ನೆತ್ತಿಯ ಮೇಲೇ ಬಿದ್ದಂತಾಗಿ, ಲೋಟ ಕೈಯಲ್ಲಿರುವಂತೆಯೇ ಹೊರಗೆ ಓಡಿದ.

ಕಾರು ಬಂದು ಇನ್ನೂ ತಿಂಗಳಾಗಿರಲಿಲ್ಲ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವನು ತೆಗೆದಿರಲಿಲ್ಲ, ತೆಗೆಯಲು ಹೆಂಡತಿ ಪದ್ಮಜಾಳಿಗೂ ಬಿಟ್ಟಿರಲಿಲ್ಲ. ಕೂತವರೆಲ್ಲ ಬೆವರಿ, ಏಳುವಾಗ ಚರ್ರೆಂದು ಸದ್ದು ಮಾಡುತ್ತಿದ್ದರು. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಎಲ್ಲ ಮನೆಗಳಂತೆ ಅವನ ಗರಾಜಿನಲ್ಲೂ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲ ಸಾಮಾನೂ ತುಂಬಿತ್ತು. ಹಾಗಾಗಿ ಕಾರು ಬೀದಿಯಿಂದ ಗರಾಜಿಗೆ ಹೋಗುವ ಡ್ರೈವ್‌ವೇಯಲ್ಲಿ, ಆ ದೊಡ್ಡ ಮರದ ಕೆಳಗೇ ನಿಲ್ಲಬೇಕಿತ್ತು. ಮನೆ ಕಟ್ಟುವ ಮೊದಲೇ ಅಲ್ಲಿದ್ದ ಮರ ಅದು. ಅದರ ಹೆಸರೇನೆಂದು ರಘೋತ್ತಮ ಈವರೆಗೆ ಯೋಚಿಸಿದವನಲ್ಲ. ಅಳಿಲು ಕಡಿದು ಬೀಳಿಸಿದ ಕಾಯಿಗಳಿಂದ ಬಾನೆಟ್ಟಿನ ಮೇಲೆ ಒಂದೆರಡು ಸಣ್ಣ ಕುಳಿಗಳು ಮೂಡಿದ ಮೇಲೆ, ಹೆಸರು ಕೇಳದೆಯೇ ಅದಕ್ಕೆ ಮರಣದಂಡನೆ ವಿಧಿಸಿದ್ದ. ಅವತ್ತು ಸೆಪ್ಟೆಂಬರಿನ ಮೊದಲ ಸೋಮವಾರ, ಅಮೆರಿಕದ ಲೇಬರ್ ಡೇ, ಆಫೀಸಿಗೆ ರಜಾ. ಸ್ವಂತ ಲಾರಿ ಇಟ್ಟುಕೊಂಡ ಮರ ಕಡಿಯುವವನೊಬ್ಬ ಮಧ್ಯಾಹ್ನ ಬರುತ್ತೇನೆಂದು ಒಪ್ಪಿಕೊಂಡಿದ್ದ. ಅಲ್ಲಿಯವರೆಗೆ ಕಾರು ಕಾಯುವುದೊಂದೇ ರಘೋತ್ತಮನಿಗಿದ್ದ ಕೆಲಸ.

ಆದರೆ ಎಂಬತ್ತೈದನೆಯ ಇಸವಿಯ ಆ ಲೇಬರ್ ಡೇ ಶ್ರಾವಣ ಸೋಮವಾರವೂ ಆಗಿತ್ತು.

ಮೂರು ಮನೆ ಆಚೆಯ ವೀರಣ್ಣನ ತಾಯಿ ಬಂಗಾರೆವ್ವ ಆಗ ಇಳಕಲ್ ಸೀರೆಯ ಮೇಲೆ ಮಗನ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ವಾಕಿಂಗಿಗೆ ಹೊರಟಿದ್ದರು. ಮನಸ್ಸು ಸರಿಯಿರಲಿಲ್ಲ. ಗದಗಿನಿಂದ ಪೊಟ್ಟಣ ಕಟ್ಟಿ ತಂದಿದ್ದ ಬಿಲ್ವಪತ್ರೆ ಒಣಗಿ ಪುಡಿಯಾಗಿ, ಅವತ್ತಿನ ಲಿಂಗಪೂಜೆಗೆ ಒಂದು ಎಲೆಯೂ ಉಳಿದಿರಲಿಲ್ಲ.

"ಏನ್ ತಮ್ಮಾ, ಈದ ಎಮ್ಮಿ ಮೈ ಸವರಿಧಂಗ ಕಾರು ಸವರಾಕ ಹತ್ತೀಯಲ್ಲ?"

"ಈ ದರಿದ್ರ ಮರದ ಕಾಯಿ ಬೀಳ್ತಾ ಇದೆ ಅಮ್ಮ. ಮಧ್ಯಾಹ್ನ ಕಡಿಯೋಕೆ ಬರ್ತಾರೆ. ಪೀಡೆ ತೊಲಗತ್ತೆ."

ಬಂಗಾರೆವ್ವ ಕತ್ತೆತ್ತಿ ನೋಡಿದರು. ಬಗ್ಗಿದ ಕೊಂಬೆಯಿಂದ ಒಂದು ಎಲೆ ಕಿತ್ತರು. ಒಂದೇ ತೊಟ್ಟಿಗೆ ತುದಿಯಲ್ಲಿ ಮೂರು ದೊಡ್ಡ ದಳ, ಕೆಳಗೆ ಎರಡು ಸಣ್ಣವು. ನೆಲಕ್ಕೆ ಬಿದ್ದಿದ್ದ ದುಂಡನೆಯ ಹಸಿರು ಕಾಯಿಯನ್ನು ಎತ್ತಿ ಮೂಗಿಗೆ ಹಿಡಿದರು. ಮರುಕ್ಷಣ ಆ ಎಲೆಯನ್ನು ಕಣ್ಣಿಗೆ ಒತ್ತಿಕೊಂಡರು.

"ಶಿವಾ ಶಿವಾ! ತಮ್ಮಾ, ಇದು ಪತ್ರಿ ಗಿಡಾ! ಮೂರೆಲಿ ಪತ್ರಿ ಊರಾಗ ಎಲ್ಲಿ ಬೇಕಾದಲ್ಲಿ ಸಿಗತೈತಿ. ಐದೆಲಿ ಪತ್ರಿ ಕಾಣಾಕ ಪುಣ್ಯಾ ಮಾಡಿರಬೇಕು. ಇದನ್ನ ಕಡಸ್ತೀಯೇನೋ?"

"ಬಿಲ್ವದ ಮರಕ್ಕೆ ಮುಳ್ಳಿರತ್ತಲ್ವಾ ಅಮ್ಮ? ಇದಕ್ಕೆ ಒಂದೂ ಇಲ್ಲ."

"ಇಲ್ಲಿ ಬದನಿಕಾಯಿಗೆ ಮುಳ್ಳು ಐತೇನು? ಅದನ್ನ ಬದನಿಕಾಯಿ ಅಂತ ತಿನ್ನಂಗಿಲ್ಲೇನು ನೀನು?"

ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ರಘೋತ್ತಮ ಎಲೆಯೊಂದನ್ನು ತಿರುಗಿಸಿ ಮುರುಗಿಸಿ ನೋಡಿದ. ಬಂಗಾರೆವ್ವ ಸೆರಗಿನ ತುಂಬ ಎಲೆ ಕಿತ್ತುಕೊಂಡು ನೇರ ಒಳಗೆ ಹೋದರು. ಒಳಗೆ ಪದ್ಮಜಾ ಫೋನು ಕೈಗೆತ್ತಿಕೊಂಡಳು. ಫೋನು ಮತ್ತು ಪದ್ಮಜಾ ಒಂದಾದರೆ ಏನಾಗುತ್ತದೆಂದು ರಘೋತ್ತಮನಿಗೆ ಅನುಭವದಿಂದ ಗೊತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಬೀದಿಯ ತುಂಬ ಕಾರು. ಕನ್ನಡ ಕೂಟದ ಹೆಂಗಸರು ರೇಷ್ಮೆ ಸೀರೆಯಲ್ಲಿ ಹಣ್ಣುಕಾಯಿ ತಟ್ಟೆ ಹಿಡಿದು ಬಂದಿಳಿದರು. ಮರದ ಬುಡಕ್ಕೆ ನೀರು, ಕಾಂಡಕ್ಕೆ ಅರಿಶಿನ ಕುಂಕುಮ. ಕಾಂಡದ ತೊಗಟೆಯೋ, ಹಳೇ ಗೋಡೆಯ ಸುಣ್ಣದ ಹಾಗೆ ಉದ್ದುದ್ದ ಪಟ್ಟಿಯಾಗಿ ಎದ್ದು ಎರಡು ತುದಿಯಲ್ಲೂ ಹೊರಕ್ಕೆ ಬಾಗಿತ್ತು. ಆ ಸಂದುಗಳು ಊದುಬತ್ತಿ ಸಿಕ್ಕಿಸಲು ಹೇಳಿ ಮಾಡಿಸಿದಂತಿದ್ದವು.

"ರೀ, ಪ್ರದಕ್ಷಿಣೆಗೆ ಕಾರು ಅಡ್ಡ ಬರ್ತಾ ಇದೆ. ರೋಡಲ್ಲಿ ನಿಲ್ಸಿ ಬನ್ನಿ," ಎಂದಳು ಪದ್ಮಜಾ.

"ರೋಡಲ್ಲಾ? ಯಾರಾದ್ರೂ ಗುದ್ದಿದ್ರೆ?"

"ದೇವರ ಕೆಲಸಕ್ಕೆ ತೆಗೆದ್ರೆ ದೇವರೇ ನೋಡ್ಕೋತಾನೆ."

ರಘೋತ್ತಮ ಕಾರನ್ನು ಬೀದಿಗೆ ತಂದು, ಡ್ರೈವ್‌ವೇಯ ಬಾಯಿಯ ಪಕ್ಕದಲ್ಲೇ, ಕಣ್ಣಿಗೆ ಕಾಣುವ ಹಾಗೆ ನಿಲ್ಲಿಸಿದ. ಲಾರಿ ಬರುವ ಮೊದಲು ಈ ಮರ ಬಿಲ್ವವಲ್ಲವೆಂದು ಸಾಬೀತು ಮಾಡದಿದ್ದರೆ ತನ್ನ ಕಾರಿಗೆ ಉಳಿಗಾಲವಿಲ್ಲ ಎಂಬುದು ಅವನಿಗೆ ಖಚಿತವಾಯಿತು.

ಹೆಂಡತಿ ಜಲಜಾಳನ್ನು ಸ್ಯಾನ್ ರಮೋನಿನಿಂದ ಕರೆತಂದಿದ್ದ ವೆಂಕಟಾಚಲ ಅಲ್ಲೇ ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದ. ರಘೋತ್ತಮನ ಆಫೀಸಿನವನು. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಈವರೆಗೆ ಬಂದಿರಲಿಲ್ಲ.

"ಬಿಲ್ವಾನೂ ಅಲ್ಲ ಗಿಲ್ವಾನೂ ಅಲ್ಲ ಕಣೋ. ವಾಲ್ನಟ್ಟು! ಅಕ್ರೋಟು! ಕ್ಯಾಲಿಫೋರ್ನಿಯಾದಲ್ಲಿ ಇನ್ನೇನು ಬೆಳೆಯತ್ತೆ?"

"ಹಾಗಂತ ಅವರಿಗೆ ಹೇಳು ಮಾರಾಯ."

ವೆಂಕಟಾಚಲ ಪ್ರದಕ್ಷಿಣೆ ಹಾಕುತ್ತಿದ್ದ ಜಲಜಾಳ ಕಡೆ ಒಮ್ಮೆ ನೋಡಿದ. "ನೀನೇ ಹೇಳು. ನಾನು ಆಮೇಲೆ ಸಪೋರ್ಟು ಮಾಡ್ತೀನಿ," ಎಂದು ಇನ್ನೊಂದು ಬಾಳೆಹಣ್ಣಿಗೆ ಕೈಹಾಕಿದ.

ಲೈಬ್ರರಿಗೆ ಹೋಗಿ ಪುಸ್ತಕ ತರೋಣವೆಂದರೆ ರಜಾ. ಕೊನೆಗೆ ರಘೋತ್ತಮ ಒಂದು ಎಲೆ, ಒಂದು ಕಾಯಿ, ಒಂದು ಕಡ್ಡಿ ಹಿಡಿದು ಪಕ್ಕದ ಮನೆಯ ಹಿತ್ತಲಿಗೆ ಹೋದ. ಅಲ್ಲಿ ವಾಲ್ಟರ್ ಎಂಬ ಮುದುಕ ಕೆಂಡದ ಒಲೆ ಹೊತ್ತಿಸುತ್ತ ನಿಂತಿದ್ದ. ದೂರದ ಮಿಸ್ಸೂರಿ ರಾಜ್ಯದಿಂದ ಬಂದು ಇಲ್ಲಿ ನೆಲೆಸಿದವನು.

ವಾಲ್ಟರ್ ಎಲೆಯನ್ನು ನೋಡಿದವನೇ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. ಬೇಲಿಯ ಪಕ್ಕದ ತನ್ನ ಅಕ್ರೋಟು ಮರದಿಂದ ಒಂದು ಕಡ್ಡಿ ಮುರಿದು, ಜೇಬಿನ ಚಾಕುವಿನಿಂದ ಎರಡು ಕಡ್ಡಿಗಳನ್ನೂ ಉದ್ದಕ್ಕೆ ಸೀಳಿ ತೋರಿಸಿದ. ಅಕ್ರೋಟಿನ ತಿರುಳಿನೊಳಗೆ ಏಣಿಯ ಮೆಟ್ಟಿಲಿನಂತೆ ಸಣ್ಣ ಸಣ್ಣ ಗೂಡುಗಳಿದ್ದವು. ರಘೋತ್ತಮ ತಂದದ್ದರಲ್ಲಿ ತಿರುಳು ಇಡಿಯಾಗಿತ್ತು. ಅಕ್ರೋಟಿನ ಎಲೆಯಲ್ಲಿ ದಳಗಳು ಸಾಲುಸಾಲು, ಇದರಲ್ಲಿ ಐದೇ ಐದು. ಕಾಯಿಯ ಸಿಪ್ಪೆಯ ಮೇಲೆ ನಾಲ್ಕು ಗೆರೆ, ಬಲಿತ ಮೇಲೆ ಆ ಗೆರೆಯಲ್ಲೇ ನಾಲ್ಕು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಬೀಜ ಒಡೆಯಲು ಸುತ್ತಿಗೆಯೇ ಬೇಕು, ಆದರೆ ರುಚಿ ಮಾತ್ರ ಮರೆಯುವಂಥದ್ದಲ್ಲ. "ಹಿಕರಿ," ಎಂದ ವಾಲ್ಟರ್, ಕಳೆದುಹೋದ ತಮ್ಮ ಸಿಕ್ಕವನ ಹಾಗೆ. ತೊಗಟೆ ಜೋಲುವ ಜಾತಿಯ ಹಿಕರಿ. ಇದು ಈ ಕಡೆಯದಲ್ಲವೇ ಅಲ್ಲ, ತನ್ನೂರಿನ ಕಾಡಿನದು. ಹಿಂದೆ ಇಲ್ಲಿ ತೋಟ ಮಾಡಿಕೊಂಡಿದ್ದ ಯಾರೋ ಊರಿನ ನೆನಪಿಗೆ ಬೀಜ ತಂದು ನೆಟ್ಟಿರಬೇಕು, ಇದೂ ನಿನ್ನ ಹಾಗೆ, ನನ್ನ ಹಾಗೆ ಬೇರೆ ಕಡೆಯಿಂದ ಬಂದದ್ದೇ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದಾಗ ರಘೋತ್ತಮನಿಗೂ ಅರೆಕ್ಷಣ ಮರದ ಮೇಲೆ ಮರುಕ ಬಂತು. ಕಾರಿನ ನೆನಪಾಗಿ ಅದು ಹೋಯಿತು.

ಬೇಕಾದ ಪುರಾವೆ ಸಿಕ್ಕಿತ್ತು. ಅವನು ವಾಲ್ಟರನ ತೋಳು ಹಿಡಿದು ಹೆಂಗಸರ ಮುಂದೆ ತಂದು ನಿಲ್ಲಿಸಿದ. ವಾಲ್ಟರ್ ಒಂದೊಂದು ವಾಕ್ಯ ಹೇಳುವುದು, ರಘೋತ್ತಮ ಗತ್ತಿನಿಂದ ಅದನ್ನು ಕನ್ನಡಕ್ಕೆ ತಿರುಗಿಸುವುದು.

"ಇದು ಹಿಕರಿ ಅನ್ನೋ ಮರ. ಅಪ್ಪಟ ಅಮೆರಿಕದ್ದು. ನಮ್ಮ ಶಾಸ್ತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಪ್ರದಕ್ಷಿಣೆ ನಿಂತಿತು. ಕೊಟ್ಟ ಮಾತಿನಂತೆ ವೆಂಕಟಾಚಲ ದೂರದಿಂದ ತಲೆಯಾಡಿಸಿದ. ರಘೋತ್ತಮನ ದನಿ ಏರಿತು.

"ಇದರ ಕಟ್ಟಿಗೆ ಬಹಳ ಗಟ್ಟಿ. ಕೊಡಲಿಗೆ ಹಿಡಿ ಮಾಡ್ತಾರೆ. ಕಡಿದ ಮೇಲೆ ಎಲ್ಲಾನೂ ಇವರೇ ತಗೊಂಡು ಹೋಗ್ತಾರಂತೆ. ಯಾಕೆ ಅಂದ್ರೆ, ಈ ಕಟ್ಟಿಗೆ ಹೊಗೆಯಲ್ಲಿ ತೂಗು ಹಾಕಿದ್ರೆ ಹಂದಿ ಮಾಂಸಕ್ಕೆ ಬರೋ ಘಮ..."

ತಾನು ಏನು ಹೇಳಿದೆನೆಂದು ಅವನಿಗೆ ಹೊಳೆದದ್ದು ಹೇಳಿ ಮುಗಿದ ಮೇಲೆ. ವಾಲ್ಟರ್ ಮಾತ್ರ ನಗುಮುಖದಿಂದ ಎಲ್ಲರತ್ತ ತಲೆಯಾಡಿಸುತ್ತಿದ್ದ.

"ಏನಂದ್ರಿ?" ಪದ್ಮಜಾ ಮಂಗಳಾರತಿ ತಟ್ಟೆ ಕೆಳಗಿಟ್ಟಳು. "ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚಿರೋ ಮರ ರೀ ಅದು. ಸಾಯಂಕಾಲ ಅದನ್ನ ಹಂದಿ ಕೆಳಗಿಟ್ಟು ಉರಿಸ್ತಾರಾ?"

"ಅದಲ್ವೇ, ಇದು ಬಿಲ್ವ ಅಲ್ಲ ಅಂತ..."

"ಹಿಕರಿ ಅನ್ರಿ, ಪಕರಿ ಅನ್ರಿ," ಎಂದರು ಬಂಗಾರೆವ್ವ. "ಪೂಜಿ ಮುಗದಿಂದ ಅದು ದೇವರ ಗಿಡಾ. ಅದಕ್ಕ ಕೊಡಲಿ ಹಾಕಿದ್ರ ನಾ ಈ ಮನ್ಯಾಗ ನೀರೂ ಮುಟ್ಟಂಗಿಲ್ಲ."

ಕಟ್ಟಿಗೆಯನ್ನು ಯಾರಿಗೂ ಕೊಡುವುದಿಲ್ಲ, ಹಿತ್ತಲಿನಲ್ಲಿ ಹೂತುಬಿಡುತ್ತೇನೆ ಎಂದು ರಘೋತ್ತಮ ಒಂದು ರಾಜಿ ಸೂಚಿಸಿದ. ಪದ್ಮಜಾ ನೋಡಿದ ನೋಟಕ್ಕೆ ಆ ಮಾತು ಅರ್ಧದಲ್ಲೇ ನಿಂತುಹೋಯಿತು.

"ಆಯ್ತಮ್ಮ, ಕಡಿಸೋದಿಲ್ಲ. ಲಾರಿ ಬಂದ್ರೆ ವಾಪಸ್ ಕಳಿಸ್ತೀನಿ, ಸಾಕಾ?"

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬೀದಿಯ ತುದಿಯಲ್ಲಿ ಲಾರಿ ಕಾಣಿಸಿತು. ಹಿಂದೆ ಬೋಗುಣಿಯಂಥ ದೊಡ್ಡ ಡಬ್ಬ, ಮೇಲೆ ಏಣಿ, ಗರಗಸ. ಅದು ಮನೆಯ ಮುಂದೆ ಬಂದು, ದಾಟಿ ನಿಂತು, ಡ್ರೈವ್‌ವೇಗೆ ಹಿಮ್ಮುಖವಾಗಿ ಬರತೊಡಗಿತು.

"ಬೇಡ! ಬೇಡ! ನಿಲ್ಸಪ್ಪಾ!" ರಘೋತ್ತಮ ಓಡಿದ. ಇಂಗ್ಲಿಷ್ ಆ ಗಾಬರಿಯಲ್ಲಿ ನಾಲಿಗೆಗೆ ಬರಲಿಲ್ಲ. ಎಂಜಿನ್ನಿನ ಸದ್ದಿಗೆ ಡ್ರೈವರಿಗೆ ಏನೂ ಕೇಳಿಸಲೂ ಇಲ್ಲ. ಆಗ ರಘೋತ್ತಮ, ಕಾಲೇಜಿನ ದಿನಗಳಲ್ಲಿ ಮೈಸೂರಿನ ಸಿಟಿ ಬಸ್ಸನ್ನು ಹೇಗೆ ನಿಲ್ಲಿಸುತ್ತಿದ್ದನೋ ಹಾಗೆಯೇ, ಲಾರಿಯ ಮಗ್ಗುಲಿಗೆ ಎರಡೂ ಕೈಯಿಂದ ಡಬಡಬನೆ ಬಾರಿಸಿದ.

ಮೈಸೂರಿನ ಯಾವ ಡ್ರೈವರಾದರೂ ಥಟ್ಟನೆ ಬ್ರೇಕು ಒತ್ತುತ್ತಿದ್ದ. ಆದರೆ ಈ ಊರಿನಲ್ಲಿ ಲಾರಿಯ ಮೈ ತಟ್ಟುವುದೆಂದರೆ ಹಿಂದೆ ಜಾಗವಿದೆ, ಧೈರ್ಯವಾಗಿ ಬಾ ಎಂದು ಅರ್ಥ. ಡ್ರೈವರು ಕಿಟಕಿಯಿಂದ ಹೆಬ್ಬೆರಳೆತ್ತಿ ತೋರಿಸಿ ಇನ್ನಷ್ಟು ಜೋರಾಗಿ ಹಿಂದೆ ಬಂದ. ರಘೋತ್ತಮ ಇನ್ನಷ್ಟು ಜೋರಾಗಿ ಬಾರಿಸಿದ. ಅವನು ಇನ್ನಷ್ಟು ಬಂದ. ಆಮೇಲೆ ಹಪ್ಪಳದ ಡಬ್ಬದ ಮೇಲೆ ಯಾರೋ ಕೂತಂಥ ಒಂದು ಸದ್ದಾಯಿತು.

ಕೆಂಪು ಕಾರಿನ ಬೀದಿ ಕಡೆಯ ಎರಡೂ ಬಾಗಿಲುಗಳು ಒಳಕ್ಕೆ ಹೋಗಿದ್ದವು.

ಮೊದಲು ಚೇತರಿಸಿಕೊಂಡವರು ಬಂಗಾರೆವ್ವ. ಮೆಲ್ಲಗೆ ನಡೆದು ಬಂದು ಲಾರಿಯನ್ನು ನೋಡಿದರು, ಕಾರನ್ನು ನೋಡಿದರು, ಮರದ ಕಡೆ ತಿರುಗಿ ಎರಡೂ ಕೈ ಮುಗಿದರು.

"ಕಡಿಯಾಕ ಕರಸಿದ ಗಾಡೀನ ಕರಸಿದಾಂವನ ಕಾರಿಗೆ ಬಡೀತು! ಇನ್ನೂ ಇದು ಪತ್ರಿ ಅಲ್ಲಂತೀಯೇನು ತಮ್ಮಾ?"

ಹೆಂಗಸರೆಲ್ಲ ಒಟ್ಟಿಗೆ ಕೆನ್ನೆ ಕೆನ್ನೆ ಬಡಿದುಕೊಂಡರು. ನಿಂತಿದ್ದ ಪ್ರದಕ್ಷಿಣೆ ಮೊದಲಿಗಿಂತ ಚುರುಕಾಗಿ ಶುರುವಾಯಿತು. ವೆಂಕಟಾಚಲನೂ ಚಪ್ಪಲಿ ಕಳಚಿ ಸೇರಿಕೊಂಡ. "ನಾನು ಮೊದಲೇ ಅಂದ್ಕೊಂಡೆ," ಎಂದು ಹೋಗುವಾಗ ಹೇಳಿಯೂ ಹೋದ. ಪದ್ಮಜಾ ಒಳಗೆ ಹೋಗಿ ಮತ್ತೆ ಫೋನು ಎತ್ತಿಕೊಂಡಳು; ಮುಂದಿನ ಸೋಮವಾರ ಆಫೀಸು ಮುಗಿಸಿಕೊಂಡು ಇನ್ನೂ ಯಾರ್ಯಾರು ಬರುತ್ತಾರೆಂಬುದು ಸಂಜೆಯೊಳಗೆ ತೀರ್ಮಾನವಾಯಿತು.

ಎಲ್ಲರೂ ಹೋದ ಮೇಲೆ ರಘೋತ್ತಮ ಕಾರನ್ನು ತಂದು ಮತ್ತೆ ಮರದ ಕೆಳಗೆ ನಿಲ್ಲಿಸಿದ. ಅವನ ಕಡೆಯ ಬಾಗಿಲು ತೆರೆಯದ್ದರಿಂದ ಪಕ್ಕದ ಸೀಟಿನ ಮೇಲೆ ಜಾರಿ ಹೊರಬರಬೇಕಿತ್ತು. ಜಾರುವಾಗ ಪ್ಲಾಸ್ಟಿಕ್ ಹೊದಿಕೆ ಚರ್ರೆಂದಿತು. ಒಂದು ಗಳಿಗೆ ಯೋಚಿಸಿ, ಅಲ್ಲೇ ಕೂತು ಅದನ್ನು ಎರಡೂ ಕೈಯಿಂದ ಪರಪರನೆ ಹರಿದು ಹೊರಗೆಸೆದ. ಕೆಳಗಿನ ಸೀಟು ಮೆತ್ತಗೆ, ತಣ್ಣಗೆ, ಬಹಳ ಹಿತವಾಗಿತ್ತು. ಇಂಥ ಸೀಟು ತನ್ನದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಪದ್ಮಜಾ ಪ್ರಸಾದದ ಸಜ್ಜಿಗೆ ತಂದು ಕೈಗಿತ್ತು, ತಾನೂ ಪಕ್ಕದಲ್ಲಿ ಒತ್ತರಿಸಿಕೊಂಡು ಕೂತಳು. "ಬೇಜಾರಾ ರೀ?" ಎಂದಳು.

ಅವನು ಉತ್ತರ ಹೇಳುವ ಮೊದಲೇ ನೆತ್ತಿಯ ಮೇಲೆ, ಕಾರಿನ ಮಾಡಿಗೆ, ಕಾಯೊಂದು ಟಪ್ಪೆಂದು ಬಿತ್ತು. ರಘೋತ್ತಮ ಏಳಲಿಲ್ಲ.

"ಹಿಕರಿ," ಎಂದ, ಬಾಯಿ ತುಂಬ ಸಜ್ಜಿಗೆ ಇಟ್ಟುಕೊಂಡು. "ಬಲಿತ ಮೇಲೆ ನಾಲ್ಕು ಹೋಳಾಗತ್ತೆ. ತುಂಬ ರುಚಿಯಂತೆ."