ಭಾವನವರ ಸೀಸೆಗಳು

ವಾದದಲ್ಲಿ ಗೆಲ್ಲುವುದು ಸುಲಭ. ಗೆದ್ದದ್ದನ್ನು ಮನೆಗೆ ತರುವುದು ಕಷ್ಟ. ಕಾಲೇಜಿನ ಚರ್ಚಾಕೂಟದಲ್ಲಿ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅಲ್ಲಿ ನಾನು ದೇವರು ಇಲ್ಲವೆಂದು ಒಂದು ಶನಿವಾರ, ಇದ್ದಾನೆಂದು ಮುಂದಿನ ಶನಿವಾರ ಸಾಧಿಸಿ ಎರಡೂ ಸಲ ಚಪ್ಪಾಳೆ ಗಿಟ್ಟಿಸಿದವನು. ದೇವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಗಂಟಲು ಕೈಕೊಡದಿರಲೆಂದು ಕೋಟಿನ ಜೇಬಿನಲ್ಲಿ ಸದಾ ಕಲ್ಲುಸಕ್ಕರೆ ಇರುತ್ತಿತ್ತು. ಎದುರಾಳಿ ಎದ್ದು ನಿಂತಾಗ ಒಂದು ಹರಳು ಬಾಯಿಗೆ ಹಾಕಿಕೊಂಡರೆ ಅವನು ಮುಗಿಸುವ ಹೊತ್ತಿಗೆ ನಾನು ಹದಕ್ಕೆ ಬಂದಿರುತ್ತಿದ್ದೆ. ಇಂಥವನಿಗೆ ಪರೀಕ್ಷೆ ಮುಗಿದ ಮೇಲೆ ಸಿಕ್ಕಿದ ಮೊದಲ ಉದ್ಯೋಗವೆಂದರೆ, ಉದಕಮಂಡಲದಲ್ಲಿ ಭಾವನವರ ಔಷಧಶಾಲೆಯ ವ್ಯವಹಾರ ನೋಡಿಕೊಳ್ಳುವುದು.

ಭಾವ, ಅಂದರೆ ನನ್ನ ಅಕ್ಕನ ಗಂಡ, ಒಳ್ಳೆಯ ಡಾಕ್ಟರು. ನಾಲಗೆ ನೋಡಿ ಹೊಟ್ಟೆಯ ಕಥೆ ಹೇಳಬಲ್ಲರು. ಆದರೆ ದೀಪದಲ್ಲಿ ಎಣ್ಣೆ ಮುಗಿದಿದೆ, ಬೆಂಚಿನ ಕಾಲು ಅಲುಗುತ್ತಿದೆ, ಕಷಾಯದ ಒಲೆಗೆ ಸೌದೆ ಇಲ್ಲ ಎಂಬುದೆಲ್ಲ ಅವರ ಕಣ್ಣಿಗೆ ಬೀಳುವ ಜಾತಿಯ ರೋಗಗಳಲ್ಲ. ಮಾರ್ಕೆಟ್ಟಿನ ಮೇಲಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ. ಮುಂದಿನ ಕೋಣೆ ಔಷಧಶಾಲೆ, ಹಿಂದಿನದು ಅಕ್ಕನ ಸಂಸಾರ. ರೋಗ ಭಾವನವರದು, ಮಿಕ್ಸ್ಚರು ಕಾಂಪೌಂಡರ್ ಪಿಳ್ಳೆಯವರದು, ಮಿಕ್ಕಿದ್ದೆಲ್ಲ ನನ್ನದು. ಆ ಮಿಕ್ಕಿದ್ದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಸೀಸೆ.

ಔಷಧವನ್ನು ಎಷ್ಟು ಬೇಕಾದರೂ ಕಲಸಬಹುದು. ತುಂಬಿಕೊಡಲು ಸೀಸೆ ಬೇಕಲ್ಲ. ಅವು ಬಯಲುಸೀಮೆಯಿಂದ ಹುಲ್ಲು ಸುತ್ತಿಕೊಂಡು ಬೆಟ್ಟದ ರೈಲಿನಲ್ಲಿ ಬರಬೇಕು. ಆ ರೈಲಿನ ಅಲುಗಾಟಕ್ಕೆ ಕೆಲವು ಬರುವಾಗಲೇ ಪುಡಿಯಾಗಿರುತ್ತಿದ್ದವು. ಔಷಧ ಮುಗಿದ ಮೇಲೆ ಸೀಸೆ ಹಿಂದಕ್ಕೆ ತರಬೇಕೆಂಬುದು ಕರಾರು. ಎಲ್ಲರೂ ಒಪ್ಪುತ್ತಿದ್ದರು, ಯಾರೂ ತರುತ್ತಿರಲಿಲ್ಲ. ಅದರಲ್ಲೂ ಸುತ್ತಲಿನ ಗುಡ್ಡಗಳಲ್ಲಿ ಬೇಸಾಯ ಮಾಡುವ ಬಡಗರ ಹಟ್ಟಿಗಳಿಗೆ ಹೋದ ಸೀಸೆ ಹೋದದ್ದೇ. ಕಡೆಗೆ ಸೀಸೆಯೇ ಇಲ್ಲದೆ ಒಬ್ಬಾತ ಕೆಮ್ಮಿನ ಮಿಕ್ಸ್ಚರನ್ನು ತನ್ನ ಚೊಂಬಿನಲ್ಲೇ ಹಾಕಿಸಿಕೊಂಡು ಹೋದ. ದಾರಿಯಲ್ಲಿ ಸಿಕ್ಕ ನೆಂಟರೆಲ್ಲ ಡಾಕ್ಟರ ಮದ್ದಿನ ರುಚಿ ನೋಡಿ, ಕೆಮ್ಮುತ್ತಿದ್ದ ಅವನ ತಂದೆಗೆ ಚೊಂಬಿನ ತಳ ಮಾತ್ರ ಉಳಿಯಿತಂತೆ.

ಭಾವನವರು ಅಂದು ಊಟದ ಹೊತ್ತಿಗೆ ಮೆಲ್ಲಗೆ ಹೇಳಿದರು. ಗೂಡಲೂರಿನಾಚೆಯ ಒಂದು ಎಸ್ಟೇಟಿನವರು ಕರೆಯುತ್ತಿದ್ದಾರೆ. ಆಸ್ಪತ್ರೆ ಅವರದು, ಸೀಸೆ ಅವರದು, ತಲೆನೋವೂ ಅವರದು. ಮಳೆಗಾಲದೊಳಗೆ ಇಲ್ಲಿ ನೆಲೆ ನಿಲ್ಲದಿದ್ದರೆ ಹೋಗಿಬಿಡೋಣ. ಮದುವೆಯಾದ ಹೊಸತರಲ್ಲಿ ಅಕ್ಕ ಆ ಕಡೆಯೇ ಇದ್ದು, ಮಲೆಜ್ವರದಲ್ಲಿ ಮಲಗಿ, ತಲೆಗೂದಲೆಲ್ಲ ಉದುರಿಸಿಕೊಂಡು ಎದ್ದವಳು. ಈಗ ಕಂಕುಳಲ್ಲಿ ಕೂಸು ಬೇರೆ. ಭಾವ ಕೈತೊಳೆಯಲು ಎದ್ದಾಗ ನನ್ನ ಎಲೆಗೆ ಮಜ್ಜಿಗೆ ಬಡಿಸುತ್ತಾ, “ಊರಲ್ಲೆಲ್ಲ ಬಾಯಿದೆ ಬಾಯಿದೆ ಅಂತ ಹೇಳಿಕೊಂಡು ತಿರುಗ್ತೀಯಲ್ಲ, ಆ ಬಾಯಲ್ಲಿ ಈ ಮನೆ ಉಳಿಸು ನೋಡೋಣ” ಅಂದಳು.

ಉಳಿಸಿಯೇ ತೀರುತ್ತೇನೆಂದು ನಿಶ್ಚಯ ಮಾಡಿದೆ. ಮಾರನೆಯ ದಿನವೇ ಕನ್ನಡದಲ್ಲೂ ತಮಿಳಿನಲ್ಲೂ ಬೋರ್ಡು ಬರೆಸಿ ತೂಗುಹಾಕಿದೆ: ಹಳೆಯ ಸೀಸೆ ತಂದವರಿಗೆ ಮಾತ್ರ ಹೊಸ ಔಷಧ. ಓದಲು ಬಾರದವರಿಗೆಂದು ಬೆಂಚಿನ ಮುಂದೆ ನಿಂತು ಭಾಷಣವನ್ನೂ ಮಾಡಿದೆ. ಪರರ ವಸ್ತುವನ್ನು ಇಟ್ಟುಕೊಳ್ಳುವುದು ಯಾವ ನ್ಯಾಯ, ಒಂದು ಸೀಸೆ ಹಟ್ಟಿಯಲ್ಲಿ ಕೂತರೆ ಎಷ್ಟು ಜನರ ಕಾಯಿಲೆ ಕೂರುತ್ತದೆ ಎಂದು ಎಳೆಎಳೆಯಾಗಿ ಬಿಡಿಸಿದೆ. ಎಲ್ಲರೂ ತಲೆದೂಗಿದರು. ಪಿಳ್ಳೆಯವರೂ ದೂಗಿದರು. ಅದರ ಮುಂದಿನ ವಾರ ಬೆಂಚು ಖಾಲಿ. ಸೀಸೆ ಬರುವುದಿರಲಿ, ರೋಗಿಗಳೇ ನಿಂತುಹೋದರು. ಇಡೀ ಬೆಟ್ಟ ಒಟ್ಟಿಗೆ ಗುಣವಾಯಿತೆಂದು ನಂಬುವಷ್ಟು ಭಕ್ತಿ ನನಗೆ ಯಾವ ಶಾಸ್ತ್ರದ ಮೇಲೂ ಇಲ್ಲ. ಭಾವ ಖಾಲಿ ಬೆಂಚನ್ನು ನೋಡಿ ಎಸ್ಟೇಟಿನ ಕಾಗದವನ್ನು ಇನ್ನೊಮ್ಮೆ ಓದಿಕೊಂಡರು.

ಸೋಮವಾರ ಬಡಗರು ನೆಲ ಉಳುವುದಿಲ್ಲ. ಭೂಮಿಗೆ ವಾರ ತಿಳಿಯುತ್ತದೆಯೇ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ಈ ಸಲ ಮಾತ್ರ ಎಲ್ಲರೂ ಮನೆಯಲ್ಲಿ ಸಿಗುತ್ತಾರೆಂಬ ಲೆಕ್ಕದಲ್ಲಿ ಆ ದಿನವನ್ನೇ ಆರಿಸಿ, ಜೇಬಿಗೆ ಕಲ್ಲುಸಕ್ಕರೆ ತುಂಬಿಕೊಂಡು ಗುಡ್ಡ ಹತ್ತಿದೆ. ಹಟ್ಟಿಯ ಸಾಲುಮನೆಗಳ ಮೊದಲನೆಯದು ಮಾದಿ ಹೆತ್ತೆಯದು. ಹೆತ್ತೆಯೆಂದರೆ ಅವರಲ್ಲಿ ಅಜ್ಜಿ. ಬಾಗಿಲಲ್ಲೇ ನನಗೆ ಸಾಕ್ಷ್ಯ ಸಿಕ್ಕಿತು. ಒಳಗೆ ಹಿತ್ತಾಳೆ ಪಾತ್ರೆಗಳ ಪಕ್ಕದಲ್ಲಿ ನಮ್ಮ ಸೀಸೆಗಳು, ತೊಳೆದು ಬೋರಲು ಹಾಕಿ, ಫಳಫಳ ಹೊಳೆಯುತ್ತಿದ್ದವು. ಒಂದು ಹರಳು ಬಾಯಿಗೆ ಹಾಕಿಕೊಂಡು ಆರಂಭಿಸಿದೆ. ಆ ಸೀಸೆಗಳು ಯಾರವು? ಡಾಕ್ಟರವು ಎಂದಳು. ಔಷಧ ಮುಗಿಯಿತೇ? ಮುಗಿಯಿತು. ಅಂದ ಮೇಲೆ ಕೊಡಲು ಅಡ್ಡಿ ಏನು?

“ಎಮ್ಮೆ ಇನ್ನೂ ಈದಿಲ್ಲೆ, ಕೂಸೇ” ಅಂದಳು.

ವಿಷಯಾಂತರ ಎಂದು ಕೂಗಲು ಅಲ್ಲಿ ಅಧ್ಯಕ್ಷರಿರಲಿಲ್ಲ. ಸೀಸೆಗೂ ಎಮ್ಮೆಗೂ ಏನು ಸಂಬಂಧವೆಂದು ನಾನೇ ಕೇಳಬೇಕಾಯಿತು. ಆಕೆ ನನ್ನನ್ನು ಕರುಣೆಯಿಂದ ನೋಡಿದಳು.

“ಬರಿ ಸೀಸೆಯ ಒಬ್ಬರ ಮನೆಗೆ ಹ್ಯಾಂಗೆ ಕೊಡೋದು? ತುಪ್ಪ ಆಗಲಿ, ತುಂಬಿ ತನ್ನೆ. ನಿನಗೆ ಅವ್ವೆ ಇಲ್ಲೆಯಾ?”

ಇದ್ದಾರೆ, ನಂಜನಗೂಡಿನಲ್ಲಿ ಎಂದೆ. ಹಾಗಾದರೆ ಅವಳನ್ನು ಕೇಳು ಎಂದಳು. ಕೇಳುವುದೇನು, ನಮ್ಮ ತಾಯಿಯೂ ಪಕ್ಕದ ಮನೆಯ ಪಾತ್ರೆಯನ್ನು ಎಂದೂ ಬರಿದಾಗಿ ಹಿಂದಿರುಗಿಸಿದವಳಲ್ಲ. ಆದರೆ ವಾದ ಬಿಡಬಾರದು. ಇದು ಮನೆಯಲ್ಲ, ಔಷಧಶಾಲೆ. ಇಲ್ಲಿ ಆ ಪದ್ಧತಿ ಸಲ್ಲದು ಎಂದೆ. ಹೋದ ಸಲ ತಾನು ಮದ್ದಿಗೆ ಬಂದಾಗ ಹಿಂದಿನ ಕೋಣೆಯಿಂದ ಗಂಜಿ ತಂದುಕೊಟ್ಟವಳು ಯಾರು ಎಂದು ಆಕೆ ಕೇಳಿದಳು. ಅಕ್ಕ! ನನ್ನ ಪಕ್ಷದ ಕೋಟೆಯನ್ನು ಸ್ವಂತ ಅಕ್ಕನೇ ಗಂಜಿ ಹೊಯ್ದು ಕೆಡವಿದ್ದಳು.

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು, ನಿಲ್ಲದ ಕೆಮ್ಮು. ಸೊಸೆಯಂತೆ. ಕರೆತರಲಿಲ್ಲವೇಕೆ ಎಂದೆ.

“ಸೀಸೆ ತಂದವರಿಗೇ ಮದ್ದು ಅಂತ ನೀನೇ ಬರೆಸಿದೆಯಲ್ಲ. ತುಪ್ಪ ಇಲ್ಲೆ. ಹ್ಯಾಂಗೆ ಬನ್ನೆ?”

ಬಾಯಲ್ಲಿದ್ದ ಹರಳನ್ನು ಕಡಿದು ನುಂಗಿದೆ. ಇಡೀ ಹಟ್ಟಿ ನನ್ನ ಬೋರ್ಡಿಗೆ ಮರ್ಯಾದೆ ಕೊಟ್ಟು ಮನೆಯಲ್ಲೇ ಕೆಮ್ಮುತ್ತಿತ್ತು. ಆದರೆ ನಾನು ಬರಿಗೈಯಲ್ಲಿ ಇಳಿಯಲು ಬಂದವನಲ್ಲ; ಅಕ್ಕನ ಮುಖ ಕಣ್ಣಮುಂದೆ ಇತ್ತು. ಪ್ರಶ್ನೆಯನ್ನು ಬದಲಿಸಿದೆ. ಸೀಸೆಯಲ್ಲಿ ಒಂದೇ ಒಂದು ಕಾಳು ಇದ್ದರೆ ಅದು ಬರಿದೇ? ಹೆತ್ತೆ ಯೋಚಿಸಿದಳು. ಬರಿದಲ್ಲ, ಆದರೆ ನಾಚಿಕೆ ಎಂದಳು. ಚಿಟಿಕೆ? ಅದೂ ನಾಚಿಕೆಯೇ. ಒಂದು ಹಿಡಿ? ಬಾರ್ಲಿ ಒಂದು ಹಿಡಿಯಾದರೆ ತಲೆತಗ್ಗಿಸಬೇಕಾಗಿಲ್ಲ ಎಂದು ಒಪ್ಪಿದಳು. ತುಪ್ಪದಿಂದ ಬಾರ್ಲಿಗೆ ಇಳಿಸಲು ಅರ್ಧ ಜೇಬು ಕಲ್ಲುಸಕ್ಕರೆ ಖರ್ಚಾಯಿತು. ನಾನು ಸಾರಿದರೆ ಯಾರೂ ನಂಬರೆಂದು ಆಕೆಯೇ ಅಂಗಳಕ್ಕೆ ಬಂದು ಸಾಲುಮನೆಗಳಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು.

ಮಾರನೆಯ ದಿನ ಸೊಸೆ ಬಂದಳು, ಹಿಂದೆಯೇ ಹಟ್ಟಿ ಬಂತು. ಬೋರ್ಡು ಅಷ್ಟರಲ್ಲಿ ಒಲೆಯ ಸೌದೆಯಾಗಿತ್ತು. ಬಾರ್ಲಿ, ಸಾಸಿವೆ, ಸಾಮೆ ತುಂಬಿದ ಸೀಸೆಗಳು ಕಪಾಟು ಹಿಡಿಸಲಾರದಷ್ಟು ಸೇರಿದವು. ಒಬ್ಬಾತ ಆಲೂಗಡ್ಡೆ ತುಂಬಲು ನೋಡಿ ಸೀಸೆಯ ಬಾಯಿಯೊಡನೆ ಜಗಳವಾಡಿ ಸೋತು, ಆಲೂಗಡ್ಡೆಯನ್ನು ಬಿರಡೆಯಾಗಿ ಸಿಕ್ಕಿಸಿಕೊಂಡು ತಂದಿದ್ದ. ಒದ್ದೆ ಸೀಸೆಯಲ್ಲಿ ಬಾರ್ಲಿ ಮೊಳಕೆಯೊಡೆದಾಗ ಪಿಳ್ಳೆಯವರು, ತಾವು ಔಷಧ ಕಲಸಲು ಬಂದವರು, ತೋಟ ಮಾಡಲು ಅಲ್ಲವೆಂದು ತಮಿಳಿನಲ್ಲಿ ದೀರ್ಘವಾಗಿ ಗೊಣಗಿದರು. ಅಕ್ಕ ಕಾಳನ್ನೆಲ್ಲ ಆರಿಸಿ, ಬೀಸಿ, ಗಂಜಿ ಕಾಸಿ ಬೆಂಚಿನವರಿಗೇ ಕೊಟ್ಟಳು. ಭಾವ ಎಸ್ಟೇಟಿಗೆ ಬರಲಾರೆನೆಂದು ಬರೆದರು. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದೆ.

ಆಮೇಲೆ ಎಮ್ಮೆ ಈದಿತು. ಸೊಸೆ ಗುಣವಾದ ಸಂತೋಷಕ್ಕೆ ಹೆತ್ತೆ ತನ್ನ ಸ್ವಂತ ಹಿತ್ತಾಳೆಯ ಗಿಂಡಿಯಲ್ಲಿ ತುಪ್ಪ ಕಳಿಸಿದಳು. ತುಪ್ಪ ಮುಗಿಯಿತು. ಗಿಂಡಿಯಲ್ಲಿ ಏನಾದರೂ ಹಾಕಿಕೊಡುತ್ತೇನೆಂದು ಅಕ್ಕ ಹೇಳಿದಳು, ನಾನು ಬೇಡವೆಂದೆ. ಗಿಂಡಿ ಹಿತ್ತಾಳೆ, ಹಿತ್ತಾಳೆಗೆ ಬರಿದು ತುಂಬಿದ್ದು ಎಂಬ ಭೇದವಿಲ್ಲ, ಯಾರಾದರೂ ಒಬ್ಬರು ಈ ಪದ್ಧತಿಯನ್ನು ಮುರಿಯಬೇಕು ಎಂದು ವಾದಿಸಿ, ಗೆದ್ದು, ಬರಿ ಗಿಂಡಿ ಹಿಡಿದು ಗುಡ್ಡ ಹತ್ತಿದೆ. ಹಟ್ಟಿಯ ಮನೆಗಳು ಕಾಣುವ ತಿರುವಿನಲ್ಲಿ ಕಾಲು ಏಕೋ ನಿಂತಿತು. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಜೇಬಿನಲ್ಲಿದ್ದ ಕಲ್ಲುಸಕ್ಕರೆಯನ್ನೆಲ್ಲ ಗಿಂಡಿಗೆ ಸುರಿದೆ.

ಹೆತ್ತೆ ಗಿಂಡಿಯೊಳಗೆ ಇಣುಕಿದಳು. “ಅವ್ವೆಯ ಕೇಳಿದೆಯಾ, ಕೂಸೇ?” ಅಂದಳು.

ಅದಕ್ಕೆ ನನ್ನಲ್ಲಿ ಬಹಳ ಒಳ್ಳೆಯ ಉತ್ತರಗಳಿದ್ದವು. ಆದರೆ ಗುಡ್ಡ ಹತ್ತಿ ಗಂಟಲು ಒಣಗಿತ್ತು, ಕಲ್ಲುಸಕ್ಕರೆಯೆಲ್ಲ ಅವಳ ಕೈಯಲ್ಲಿತ್ತು.