ಮಾವನ ಬೆರಳು, ನನ್ನ ಬೈಕಿನ ಚೈನು

ನಮ್ಮ ಸೋದರಮಾವನಿಗೆ ಬೈಕ್ ಓಡಿಸಲು ಬರುವುದಿಲ್ಲ. ಸೈಕಲ್ಲೂ ಅಷ್ಟಕ್ಕಷ್ಟೇ. ಹಾಗಿದ್ದೂ ರಾಮನಗರದಿಂದ ಮಾಗಡಿಯವರೆಗೆ ಅವನು ಕೈ ಹಾಕದ ಬೈಕಿಲ್ಲ ಎಂದರೆ ನೀವು ನಂಬಬೇಕು! ನೆಂಟರ ಮನೆಗೆ ಹೋದರೆ ನಾವೆಲ್ಲ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ. ಅವನು ಅಂಗಳದಲ್ಲಿ ನಿಂತ ಬೈಕುಗಳ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾನೆ. ಚೈನನ್ನು ಬೆರಳಿನಿಂದ ಒಮ್ಮೆ ಮೇಲೆತ್ತುತ್ತಾನೆ, ಒಮ್ಮೆ ಕೆಳಗೊತ್ತುತ್ತಾನೆ, ಬ್ರೇಕಿನ ಸಂದಿಗೆ ಟಾರ್ಚು ಬಿಟ್ಟು ಇಣುಕುತ್ತಾನೆ. ಆಮೇಲೆ ಒಳಗೆ ಬಂದು, ಕೈಗೆ ಕಾಫಿ ಲೋಟ ಬರುವ ಮೊದಲೇ ತೀರ್ಪು ಕೊಡುತ್ತಾನೆ. (ಅವನು, ಇವನು ಎನ್ನುತ್ತಿದ್ದೇನೆಂದು ಸಿಟ್ಟಾಗಬೇಡಿ. ನಮ್ಮ ಮನೆಯಲ್ಲಿ ಸೋದರಮಾವನಿಗೆ ಬಹುವಚನ ಹಾಕಿದರೆ ಮಾತು ಬಿಟ್ಟಿದ್ದೇವೆ ಎಂದೇ ಅರ್ಥ.)

ಒಮ್ಮೆ ಚನ್ನಪಟ್ಟಣದ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ನಾನು ಟ್ರೇ ಹಿಡಿದು ಹೊರಗೆ ಬರುವಷ್ಟರಲ್ಲಿ ಮಾವನ ಪರೀಕ್ಷೆ ಮುಗಿದಿತ್ತು. ಹುಡುಗನ ಸಂಬಳ, ಜಮೀನು ಯಾವುದನ್ನೂ ಅವನು ಕೇಳಲಿಲ್ಲ. ಬ್ರೇಕು ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆಯಲ್ಲ, ಅದು ಕಿರುಗುಟ್ಟುವುದು ಇಷ್ಟು ದಿನ ಕಿವಿಗೆ ಬೀಳಲಿಲ್ಲವೇ ಎಂದು ಹುಡುಗನನ್ನೇ ವಿಚಾರಿಸಿದ. ಕೂಗಾಡುವ ಬ್ರೇಕಿನ ಮಾತನ್ನೇ ಕೇಳದವನು ನಾಳೆ ಹೆಂಡತಿಯ ಮಾತು ಕೇಳುತ್ತಾನೆಯೇ? ಗಂಡಿನವರು ಉಪ್ಪಿಟ್ಟು ತಿಂದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಪ್ಪ ವಾರವಿಡೀ ಮುಖ ಊದಿಸಿಕೊಂಡಿದ್ದರು. ನನಗಂತೂ, ಯಾರಿಗೂ ಹೇಳಬೇಡಿ, ತಲೆ ಮೇಲಿನ ಹೊರೆ ಇಳಿದ ಹಾಗಾಯಿತು.

ಕೆಂಗಲ್ ಆಂಜನೇಯನ ಗುಡಿಗೆ ಹೋದಾಗಲೂ ಅಷ್ಟೇ. ನಾವು ದೇವರಿಗೆ ಪ್ರದಕ್ಷಿಣೆ ಹಾಕುತ್ತಿದ್ದರೆ ಅವನು ಹೊರಗೆ ನಿಂತ ಬೈಕುಗಳಿಗೆ ಪ್ರದಕ್ಷಿಣೆ ಹಾಕುತ್ತಿದ್ದ. ಯಾರೋ ಒಬ್ಬ ಆಸಾಮಿ ಕಳ್ಳನೆಂದುಕೊಂಡು ಓಡಿಬಂದು ಮಾವನ ಕೊರಳಪಟ್ಟಿ ಹಿಡಿದ. ಮಾವನಿಗೆ ಗಾಬರಿಯೇನೂ ಆಗಲಿಲ್ಲ.

"ಕದಿಯಾಕೆ ಬಂದೋನು ಇಂಥ ಚೈನ್ ಇರೋ ಗಾಡೀನ ಮುಟ್ತಾನಾ? ಒಸಿ ಯೋಚ್ನೆ ಮಾಡು" ಎಂದ.

ಆ ಮನುಷ್ಯ ಕೈ ಬಿಟ್ಟು ಬಗ್ಗಿ ನೋಡಿದ. ಚೈನು ಜೋಲುತ್ತಿತ್ತು. ಕೊನೆಗೆ ಅವನೇ ಮಾವನಿಗೆ ಪ್ರಸಾದ ತಂದುಕೊಟ್ಟು, ಹತ್ತಿರದಲ್ಲಿ ಒಳ್ಳೆಯ ಮೆಕ್ಯಾನಿಕ್ ಯಾರಿದ್ದಾರೆಂದು ಕೇಳಿಕೊಂಡು ಹೋದ.

ಈ ಹುಚ್ಚು ಎಲ್ಲಿಂದ ಬಂತು ಅಂತೀರಾ? ಮಾವ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವನು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆ ಹಿಡಿದು, ರಾಟೆಗೆ ಸುತ್ತುವ ಕೆಲಸ. ಎಳೆ ಜೋಲು ಬಿತ್ತೆಂದರೆ ಸಿಕ್ಕುಬಿದ್ದು ನೂಲೆಲ್ಲ ಹಾಳು. ಕಣ್ಣು ಮಂಜಾದ ಮೇಲೆ ಅವನು ಕೆಲಸ ಬಿಟ್ಟ, ಬೆರಳುಗಳು ಮಾತ್ರ ಬಿಡಲೊಪ್ಪಲಿಲ್ಲ. ಜೋಲುವ ಯಾವುದನ್ನೂ ಅವು ಸಹಿಸುವುದಿಲ್ಲ. ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಅವನು ಎಷ್ಟು ಬಿಗಿದಿದ್ದಾನೆಂದರೆ, ಅತ್ತೆ ಸೀರೆ ಎಳೆದು ಬಿಟ್ಟ ರಭಸಕ್ಕೆ ಪಕ್ಕದಲ್ಲಿದ್ದ ಟವೆಲು ಕಾಂಪೌಂಡಿನಾಚೆ ಹಾರಿ ಬಿದ್ದದ್ದುಂಟು!

ಇಂಥವನ ಕೈಗೆ ನನ್ನ ಡರ್ಟ್ ಬೈಕ್ ಸಿಕ್ಕಿತು. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ವಾರವೆಲ್ಲ ಒಂದೇ ಕಡೆ ನಿಂತು ನಿಂತು, ಭಾನುವಾರ ಕಲ್ಲುಮಣ್ಣಿನ ದಾರಿ ಹುಡುಕಿಕೊಂಡು ಹೊರಡುವ ಚಟ ಹತ್ತಿಸಿಕೊಂಡೆ. ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ಕೊಂಡೆ. ನೆಂಟರೆಲ್ಲ ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದರು. ಅಪ್ಪ ಹಾಗನ್ನಲಿಲ್ಲ, ಒಂದು ಷರತ್ತು ಹಾಕಿದರು: ಒಂದೇ ಒಂದು ಸಲ ಬಿದ್ದರೂ ಗಾಡಿ ಮಾರಿಬಿಡಬೇಕು. ನಾನು ಅಮ್ಮನ ಮೇಲೆ ಆಣೆ ಇಟ್ಟು ಒಪ್ಪಿಕೊಂಡೆ. ನನ್ನ ಆಣೆಯ ಬೆಲೆ ಅಪ್ಪನಿಗೆ ಗೊತ್ತಿದ್ದರಿಂದ ಮಾವನನ್ನು ಕಾವಲಿಗಿಟ್ಟರು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವರ ಧೈರ್ಯ.

ಅವತ್ತಿನಿಂದ ಪ್ರತಿ ಶನಿವಾರ ಮಾವನ ಮನೆಯಂಗಳದಲ್ಲಿ ತಪಾಸಣೆ. ಒಂದು ವಾರ ಟಾರ್ಚು ಬಿಟ್ಟು ನೋಡಿ, ಮುಂದಿನ ಬ್ರೇಕಿನ ಪ್ಯಾಡು ಹಪ್ಪಳದಷ್ಟಾಗಿದೆ ಎಂದು ಘೋಷಿಸಿದ. ಇನ್ನೂ ಒಂದು ತಿಂಗಳು ಬರುತ್ತದೆ ಎಂದು ನಾನು ವಾದಿಸಿದೆ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಅರ್ಧ ದಿನ ಅಲೆದು, ಹೊಸ ಪ್ಯಾಡು ತಂದೇ ತಂದ! ಅತ್ತೆ ಕಾಲು ಕಳಚಿದ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಓಡಾಡುತ್ತಿದ್ದರು. ಅದಕ್ಕೊಂದು ಸ್ಕ್ರೂ ಹಾಕಿಸಲು ಈ ಮನುಷ್ಯನಿಗೆ ಆರು ತಿಂಗಳಿಂದ ಪುರುಸೊತ್ತಿಲ್ಲ ಎಂದು ನನ್ನೆದುರೇ ಆಡಿಕೊಂಡರು.

"ಕನ್ನಡ್ಕ ಇಳಿಜಾರಲ್ಲಿ ಓಡಾಕಿಲ್ಲ ಕಣೆ" ಎಂದ ಮಾವ, ಪ್ಯಾಡಿನಿಂದ ಕಣ್ಣೆತ್ತದೆ.

ಆಮೇಲೆ ಕನಕಪುರದ ಹೊರಗೊಂದು ಬೋರೆಗುಡ್ಡದ ಮೇಲೆ ಡರ್ಟ್ ಬೈಕ್ ಸ್ಪರ್ಧೆ ಇದೆಯೆಂದು ತಿಳಿಯಿತು. ಹೆಸರು ಕೊಟ್ಟೆ. ಹೊರಡುವ ದಿನ ಬೆಳಿಗ್ಗೆ, ತಪಾಸಣೆಗೆಂದು ಬಿಟ್ಟಿದ್ದ ಗಾಡಿ ತರಲು ಮಾವನ ಮನೆಗೆ ಹೋಗಿ ನೋಡುತ್ತೇನೆ, ಚೈನನ್ನು ಮಾವ ರೇಷ್ಮೆ ಎಳೆಯ ಲೆಕ್ಕದಲ್ಲಿ ಬಿಗಿದು ಇಟ್ಟಿದ್ದಾನೆ. ಬೆರಳಲ್ಲಿ ಮೀಟಿದರೆ ನಾದ ಬರುತ್ತಿತ್ತು! ಅವನ ಮುಖದಲ್ಲಿ ಮಗಳ ಮದುವೆ ಮುಗಿಸಿದ ತೃಪ್ತಿ. ಇದನ್ನು ಸಡಿಲ ಮಾಡದಿದ್ದರೆ ಮೊದಲ ಹಳ್ಳದಲ್ಲೇ ತುಂಡಾಗುತ್ತದೆ ಎಂದೆ. ಸಡಿಲವಾಗಿದ್ದದ್ದು ಉಳಿದದ್ದನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಅವನು ಕೇಳಿದ. ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಅತ್ತೆಯನ್ನು ಅಡುಗೆಮನೆಯಿಂದ ಕರೆತಂದು, ಸ್ಟೂಲು ಹಾಕಿ, ಬೈಕಿನ ಮೇಲೆ ನನ್ನ ಹಿಂದೆ ಕೂರಿಸಿಕೊಂಡೆ. ಡರ್ಟ್ ಬೈಕಿನ ಹಿಂಭಾಗ ಭಾರಕ್ಕೆ ಕುಸಿಯುತ್ತದೆ. ಅದು ಕುಸಿದಷ್ಟೂ ಚೈನು ಬಿಗಿಯಾಗುತ್ತಾ ಹೋಗುತ್ತದೆ. ಅತ್ತೆ ದೇವರ ಹೆಸರು ಹೇಳುತ್ತಾ ಒಂದು ಸಲ ಕುಕ್ಕಿ ಕೂತರು ನೋಡಿ, ಕೆಳಗೆ ಚೈನು ಕಟಕಟ ಎಂದಿತು.

ಮಾವ ಬೆರಳಿಟ್ಟು ನೋಡಿದ. ನೂಲು ತುಂಡಾಗುವ ಮೊದಲಿನ ಬಿಗಿ ಅವನ ಬೆರಳಿಗೆ ಗೊತ್ತಿಲ್ಲದ್ದೇ? ಮುಖ ಕಪ್ಪಿಟ್ಟಿತು. ಸ್ಪ್ಯಾನರು ತಂದು ಸಡಿಲ ಮಾಡತೊಡಗಿದ. ಎಷ್ಟು ಸಡಿಲ ಎಂಬುದು ಮುಂದಿನ ಜಗಳ. ಯಾರೂ ಕೂರದೆ ನಿಂತಿರುವಾಗ ಚೈನಿಗೂ ಅದರಡಿ ಹಿಂದಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿಗೂ ನಡುವೆ ಮೂರು ಬೆರಳು ತೂರಬೇಕು ಎಂದು ಬೈಕಿನ ಪುಸ್ತಕ ಹೇಳುತ್ತದೆ. ಆದರೆ ಯಾರ ಮೂರು ಬೆರಳು? ಮಾವನವು ಬಿಸಿನೀರಿನಲ್ಲಿ ಬೆಂದು ಬೆಂದು ದಪ್ಪಗಾದವು, ನನ್ನವು ಕಡ್ಡಿ. ಕೊನೆಗೆ ಅತ್ತೆಯ ಬೆರಳು ಹಿಡಿದು ತೂರಿಸಿ ಇತ್ಯರ್ಥ ಮಾಡಿದೆವು. ಇನ್ನೂ ಒಂದು ಗಂಟೆ ತಡವಾಗಿ ನೋಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಆ ನಿರಾಳದಲ್ಲಿ ನಾನು ಅತ್ತೆ ಕೊಟ್ಟ ಇಡ್ಲಿಯನ್ನು ಎಣಿಸದೆ ತಿಂದೆ.

ಮಾವನೂ ನನ್ನ ಜೊತೆ ಬಂದು, ನೋಡುವವರಿಗೆಂದು ಕಟ್ಟಿದ್ದ ಹಗ್ಗದಾಚೆ ನಿಂತ. ಸ್ಪರ್ಧೆಯಲ್ಲಿ ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯ ಸುತ್ತಿನಲ್ಲಿ ಬೋರೆ ಇಳಿಯುವಾಗ ಕೆಸರು ಕಂಡು ಹೆದರಿ, ಎರಡು ಬೆರಳಲ್ಲಿ ಒತ್ತಬೇಕಾದ ಮುಂದಿನ ಬ್ರೇಕನ್ನು ಇಡೀ ಕೈಯಲ್ಲಿ ಹಿಂಡಿದೆ. ಹೊಸ ಪ್ಯಾಡು, ಅದೂ ಮಾವ ಹಾಕಿದ್ದು, ಹಿಡಿಯದೆ ಇರುತ್ತದೆಯೇ? ಬೈಕು ನಿಂತಿತು. ನಾನು ನಿಲ್ಲಲಿಲ್ಲ! ಕೆಸರಿನಲ್ಲಿ ಬೋರಲಾಗಿ ಬಿದ್ದಾಗ ಮೊದಲು ಹೊಳೆದದ್ದು ಮೂಳೆಯ ಚಿಂತೆಯಲ್ಲ, ಇನ್ನು ಗಾಡಿ ಹೋಯಿತು ಎಂಬುದು. ಎದ್ದೆ, ಬೈಕು ಎತ್ತಿದೆ, ಅಳುತ್ತಲೇ ಸುತ್ತು ಮುಗಿಸಿದೆ. ಕೊನೆಯಿಂದ ಎರಡನೆಯವಳಾಗಿ ಬಂದೆ.

ಗೆರೆ ದಾಟಿ ನಿಂತಾಗ ಮಾವ ಏದುಸಿರು ಬಿಡುತ್ತಾ ಬಂದ. ಚೈನಿಗೆ ಕೈ ಹಾಕುತ್ತಾನೆಂದು ನಾನು ಇಳಿದು ಪಕ್ಕಕ್ಕೆ ಸರಿದೆ. ಅವನು ಬೈಕಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮಣಿಕಟ್ಟು ತಿರುಗಿಸಿ ನೋಡಿದ, ಮೊಣಕೈ ಮಡಿಸಿ ಬಿಡಿಸಿದ, ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಳೆದ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅಪ್ಪ! ಒಂದೇ ಒಂದು ಸುಳ್ಳು ಹೇಳು ಮಾವ ಎಂದು ಕಣ್ಣಲ್ಲೇ ಬೇಡಿಕೊಂಡೆ.

"ಬಿದ್ಲು ಭಾವ" ಎಂದ.

ನಾನು ಹೋಗಿ ಬೈಕಿನ ಹ್ಯಾಂಡಲ್ ಹಿಡಿದುಕೊಂಡೆ.

"ಎದ್ಲು. ಪೂರ್ತಿ ಓಡ್ಸುದ್ಲು. ಮಾತು ಅಂದ್ಮೇಲೆ ಮಾತು, ಗಾಡಿ ಮಾರ್ಬುಡಾವ. ನಾನೇ ತಗೊತೀನಿ."

ಆ ಕಡೆಯಿಂದ ಅಪ್ಪ ಏನೋ ಕೇಳಿದರು. ಸೈಕಲ್ಲೂ ಬಾರದ ನಿನಗೆ ಅದೇಕೆ ಎಂದೇ ಇರಬೇಕು.

"ನಂಗೆಲ್ಲಿ ಬಂದದು ಭಾವ. ನನ್ ಗಾಡೀನ ನಮ್ ಹುಡ್ಗಿ ಓಡುಸ್ತಾಳೆ."

ಆಮೇಲೆ ಅಪ್ಪ ನಕ್ಕದ್ದು ನನಗೂ ಕೇಳಿಸಿತು. ಮಾರುವುದೂ ಬೇಡ, ಕೊಳ್ಳುವುದೂ ಬೇಡ, ಹೊತ್ತು ಮುಳುಗುವುದರೊಳಗೆ ಮಗಳನ್ನು ಮನೆ ಸೇರಿಸು ಎಂದರಂತೆ. ಹೋದ ಜೀವ ಬಂದಂತಾಗಿ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮಾವ ಫೋನನ್ನು ಅಂಗಿಯ ಜೇಬಿಗಿಟ್ಟ. ಕೂತಲ್ಲಿಂದ ಆಗ ನೋಡಿದೆ. ಅವನ ಪಂಚೆ ಮೊಣಕಾಲವರೆಗೂ ಕೆಸರಾಗಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಬಿದ್ದ ಕೂಡಲೇ ಕಟ್ಟಿದ್ದ ಹಗ್ಗ ದಾಟಿ, ಬರುವ ಬೈಕುಗಳ ನಡುವೆಯೇ ಓಡಿದ್ದನಂತೆ. ಅವನು ತಲುಪುವಷ್ಟರಲ್ಲಿ ನಾನು ಎದ್ದು ಹೊರಟುಬಿಟ್ಟಿದ್ದೆ. ಹಿಂದೆಯೇ ಇದ್ದವನು ಒಂದು ಸಲ ಕೂಗಬಾರದಿತ್ತೇ ಎಂದು ಕೇಳಿದೆ.

"ಒಳ್ಳೇದಕ್ಕೆ ಹೊರಟೋರ್ನ ಹಿಂದ್ಲಿಂದ ಕೂಗ್ಬಾರ್ದು ಮಗಾ" ಎಂದ.

ಹೆಲ್ಮೆಟ್ಟನ್ನು ಅವನ ಕೈಗೆ ಕೊಟ್ಟು, ಕೆಸರಿನಲ್ಲಿ ಅವನ ಚಪ್ಪಲಿ ಹುಡುಕಲು ಹೋದೆ.