ನೆನೆದು ಹಿಗ್ಗಿದ ದೇಶ

ಅಂಟಣ್ಣ ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ದರೆ ಜಗತ್ತು ಇದ್ದ ಹಾಗೆಯೇ ಇರುತ್ತಿತ್ತು. ಆದರೆ ಭೂಗೋಳ ತಯಾರಿಸುವ ಆ ಕಾರ್ಖಾನೆಯಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದವರನ್ನು ಯಾರೂ ಕಂಡಿಲ್ಲ. ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ಮೂರು ಮೇಜು, ಸೂರಿನಿಂದ ಇಳಿಬಿಟ್ಟ ಬೋಳು ಗೋಳಗಳು, ಅಷ್ಟೆ. ಮೊದಲ ಮೇಜಿನಲ್ಲಿ ಗುಂಡಜ್ಜ ರಟ್ಟಿಗೆ ಪ್ಲಾಸ್ಟರ್ ಮೆತ್ತಿ ಗೋಳ ಮಾಡುತ್ತಿದ್ದ. ಕೊನೆಯ ಮೇಜಿನಲ್ಲಿ ಬಣ್ಣದಕ್ಕ ಮಾಸಿದ ಗಡಿಗೆರೆಗಳನ್ನು ಕುಂಚದಿಂದ ತಿದ್ದುತ್ತಿದ್ದಳು. ನಡುವೆ ಅಂಟಣ್ಣ. ಗೋಳಕ್ಕೆ ಭೂಪಟದ ಪಟ್ಟಿಗಳನ್ನು ಅಂಟಿಸುವುದು ಅವನ ಕೆಲಸ. ಅಂಟಿಸಿ ಅಂಟಿಸಿ ಅವನ ನಿಜವಾದ ಹೆಸರು ಅವನ ಹೆಂಡತಿಗೂ ಅಪರೂಪವಾಗಿತ್ತು.

ಉಳಿದಿಬ್ಬರೂ ಖಾಯಂ ನೌಕರರು. ಅಂಟಣ್ಣ ಮಾತ್ರ ಹಂಗಾಮಿ. ಸೇರಿದಾಗ ಹಂಗಾಮಿ, ಮದುವೆಯಾದಾಗ ಹಂಗಾಮಿ, ತಲೆ ನರೆತರೂ ಹಂಗಾಮಿ. ಹೀಗಿರುವಾಗ ಯಜಮಾನರು ಹಿಂದಿನ ಸಂಜೆ ಕರೆದು ಒಂದು ಮಾತು ಕೊಟ್ಟಿದ್ದರು. ನಾಳೆ ಸಂಜೆ ಗ್ರಂಥಾಲಯದ ಸಭಾಂಗಣದಲ್ಲಿ ಚರ್ಚೆಯಿದೆ. ವಿಷಯ, ಬೆಳೆಯುತ್ತಿರುವ ದೊಡ್ಡ ದೇಶದಿಂದ ಉಳಿದ ದೇಶಗಳಿಗೆ ಅಪಾಯವಿದೆಯೆ ಎಂಬುದು. ವೇದಿಕೆಗೆ ಒಂದು ಭಾರೀ ಗೋಳ ಬೇಕು. ಆ ದೊಡ್ಡ ದೇಶದ ರಾಯಭಾರ ಕಚೇರಿಯಿಂದಲೇ ಒಬ್ಬ ಅಧಿಕಾರಿ ಬರುತ್ತಾರೆ. ಗೋಳ ಚೆನ್ನಾಗಿ ಬಂದರೆ ಅಂಟಣ್ಣ ಖಾಯಂ. ಇದನ್ನು ಕೇಳಿದ ಹೆಂಡತಿ ಅವನ ಇಸ್ತ್ರಿ ಅಂಗಿ ತೆಗೆದಿಟ್ಟಿದ್ದಳು. ಆಸೆ ಪಡುವುದನ್ನು ಬಿಟ್ಟು ಬಹಳ ಕಾಲವಾಗಿದ್ದ ಮನೆ ಅದು.

ಗೋಳದ ಕಾಗದದ ಗುಣವೊಂದಿದೆ. ಪಟ್ಟಿಯನ್ನು ನೀರಿನಲ್ಲಿ ಅದ್ದಿ ತಕ್ಷಣ ತೆಗೆದರೆ ಅದು ಗೋಳಕ್ಕೆ ತಕ್ಕಂತೆ ಬಾಗುತ್ತದೆ. ಮರೆತು ಬಿಟ್ಟರೆ ಹಿಗ್ಗುತ್ತದೆ. ಅಂಟಣ್ಣ ದೊಡ್ಡ ದೇಶವಿದ್ದ ಕೊನೆಯ ಪಟ್ಟಿಯನ್ನು ನೀರಿನ ಬೋಗುಣಿಗೆ ಹಾಕಿದ ಹೊತ್ತಿಗೇ ಗುಂಡಜ್ಜ ಶುರುಮಾಡಿದ. ಆ ದೇಶ ಸುಮ್ಮನೆ ಬೆಳೆಯುತ್ತಿಲ್ಲ, ಎಲ್ಲರನ್ನೂ ನುಂಗಿ ನೀರು ಕುಡಿಯುತ್ತದೆ ಎಂದ. ಬಣ್ಣದಕ್ಕನೂ ದನಿಗೂಡಿಸಿದಳು.

ಅಂಟಣ್ಣನಿಗೆ ತಡೆಯಲಾಗಲಿಲ್ಲ. ಅಂಟು ಬಳಿಯುವ ಬ್ರಷ್ಷನ್ನು ಎತ್ತಿ ಹಿಡಿದ.

"ಅಜ್ಜ, ಈ ಬ್ರಷ್ಷು ಅಲ್ಲಿಂದಾನೇ ಬಂದಿದ್ದು. ಅಗ್ಗ, ಕೂದಲು ಉದುರಲ್ಲ. ಇಷ್ಟು ದಿನದಲ್ಲಿ ಒಂದು ಸಲನಾದ್ರೂ ನನ್ನ ಕಚ್ಚಿದೆಯಾ? ಅವರ ಪಾಡಿಗೆ ಅವರು ಬೆಳೀತಾರೆ, ನಮಗೇನು ಕಷ್ಟ?"

"ನೋಡ್ತಾ ಇರು," ಎಂದ ಅಜ್ಜ.

ಅಂಟಣ್ಣ ಇನ್ನೂ ಬಹಳ ಹೇಳಿದ. ವ್ಯಾಪಾರ ಹೇಳಿದ, ಸ್ನೇಹ ಹೇಳಿದ, ಲೋಕಶಾಂತಿ ಹೇಳಿದ. ಅವನ ಬೆನ್ನ ಹಿಂದೆ ಬೋಗುಣಿಯಲ್ಲಿ ದೊಡ್ಡ ದೇಶ ಹಾಯಾಗಿ ನೆನೆಯುತ್ತಿತ್ತು. ಮಾತಿನ ಬಿಸಿಯಲ್ಲೇ ಪಟ್ಟಿಯನ್ನೆತ್ತಿ ಗೋಳಕ್ಕೆ ಅಂಟಿಸಿ, ಅಂಗೈಯಿಂದ ಸವರಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ದೇಶ ಊದಿಕೊಂಡಿತ್ತು. ಪೂರ್ವದ ನೆರೆಯವನ ಅರ್ಧ ಹೊಲಗದ್ದೆ ಅದರ ಅಡಿಗೆ ಸೇರಿತ್ತು. ದಕ್ಷಿಣದ ಒಂದು ಪುಟ್ಟ ದೇಶವಂತೂ ಪೂರ್ತಿ ಕಾಣೆಯಾಗಿತ್ತು.

ಕಿತ್ತು ತೆಗೆಯೋಣವೆಂದರೆ ಅಂಟಣ್ಣನ ಅಂಟು ಒಮ್ಮೆ ಹಿಡಿದರೆ ಬಿಡುವಂಥದ್ದಲ್ಲ. ಅವನ ಬಾಳಿನಲ್ಲಿ ಗಟ್ಟಿಯಾಗಿದ್ದದ್ದು ಅದೊಂದೇ.

ಸಹಾಯಕ್ಕೆ ಜನ ಓಡಿ ಬಂದರು. ಅಲ್ಲಿಂದಾಚೆಗೆ ಅವನ ಕೇಡು ಪೂರ್ತಿಯಾಯಿತು. ಗಡಿಯನ್ನು ಉಪ್ಪುಕಾಗದದಿಂದ ಉಜ್ಜಿದರೆ ದೇಶ ಸಣ್ಣದಾಗುತ್ತದೆ ಎಂದು ಗುಂಡಜ್ಜ ಉಜ್ಜಿದ. ರಾಜಧಾನಿಯಿದ್ದ ಜಾಗದಲ್ಲಿ ತೂತು ಬಿತ್ತು. ತೂತು ಮುಚ್ಚಲು ಒಂದು ಹಿಡಿ ಪ್ಲಾಸ್ಟರ್ ಮೆತ್ತಿದ. ಉಬ್ಬು ಕಾಣುತ್ತದೆಂದು ಅದರ ಸುತ್ತ ಇನ್ನಷ್ಟು ಮೆತ್ತಿದ. ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು ಇಣುಕಿ, ಅಲ್ಲೊಂದು ಬೆಟ್ಟಸಾಲು ಬರೆದುಬಿಡಿ, ಯಾರಿಗೂ ಅನುಮಾನ ಬರುವುದಿಲ್ಲ ಎಂದು ಪುಕ್ಕಟೆ ಸಲಹೆ ಕೊಟ್ಟು ಹೋದ. ಬಣ್ಣದಕ್ಕ ಬೆಟ್ಟ ಬರೆದಳು. ಕಾಣೆಯಾದ ಪುಟ್ಟ ದೇಶದ ಮೇಲೆ ಅವಳಿಗೆ ಕರುಣೆ ಬಂದು, ಬೇರೆಲ್ಲೂ ಜಾಗವಿಲ್ಲದೆ, ಅದನ್ನು ಸಮುದ್ರದ ನಡುವೆ ದ್ವೀಪವಾಗಿ ಬರೆದಿಟ್ಟಳು.

"ಅಲ್ಲಾದ್ರೂ ನೆಮ್ಮದಿಯಾಗಿರ್ಲಿ ಬಿಡು," ಎಂದಳು.

ಯಜಮಾನರು ಕನ್ನಡಕ ಮರೆತು ಬಂದಿದ್ದರು. ದೂರದಿಂದಲೇ ಭೇಷ್ ಎಂದು ಗೋಳವನ್ನು ವ್ಯಾನಿಗೆ ಏರಿಸಿದರು. ಬಣ್ಣ ಇನ್ನೂ ಹಸಿಯಾಗಿದ್ದರಿಂದ ಅದನ್ನು ಹಿಡಿದುಕೊಳ್ಳಲು ಅಂಟಣ್ಣನೂ ಹತ್ತಿದ. ದಾರಿಯುದ್ದಕ್ಕೂ ಇಸ್ತ್ರಿ ಅಂಗಿಯ ಮೇಲೆ ಜಗತ್ತನ್ನು ಅಪ್ಪಿಕೊಂಡು ಕೂತಿದ್ದ.

ಸಭಾಂಗಣ ತುಂಬಿತ್ತು. ಅಂಟಣ್ಣ ಗೋಳವನ್ನು ಸ್ಟ್ಯಾಂಡಿಗೆ ಕೂರಿಸಿ, ದೊಡ್ಡ ದೇಶವನ್ನು ಹಿಂದಿನ ಪರದೆಯ ಕಡೆ ತಿರುಗಿಸಿ, ಮೆಲ್ಲನೆ ಕೆಳಗಿಳಿಯಲು ಹೊರಟ. ಆದರೆ ಸ್ಟ್ಯಾಂಡು ಸಭಿಕರ ಕಡೆಗೆ ಓರೆಯಾಗಿತ್ತು, ಗುಂಡಜ್ಜನ ಪ್ಲಾಸ್ಟರಿನ ಭಾರವೆಲ್ಲ ಒಂದೇ ಕಡೆಗಿತ್ತು. ಗೋಳ ನಿಧಾನವಾಗಿ ತಾನೇ ತಿರುಗಿ, ದೊಡ್ಡ ದೇಶವನ್ನು ಸಭೆಗೆ ಎದುರಾಗಿ ತಂದು ನಿಲ್ಲಿಸಿತು. ಅಂಟಣ್ಣ ಓಡಿಬಂದು ಹಿಂದಕ್ಕೆ ತಳ್ಳಿದ. ಅದು ಮತ್ತೆ ಬಂತು. ಅಪಾಯವಿದೆ ಎಂದು ವಾದಿಸುತ್ತಿದ್ದ ನಿವೃತ್ತ ಮೇಷ್ಟ್ರು, "ಎಷ್ಟು ದೂರ ತಳ್ಳಿದರೂ ಅದು ಮರಳಿ ನಮ್ಮೆದುರಿಗೇ ಬರುತ್ತದೆ," ಎಂದರು. ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ಅಂಟಣ್ಣ ವೇದಿಕೆಯ ಮೇಲೇ ನಿಂತು ಗೋಳವನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡ.

ಮುಂದಿನ ಸಾಲಿನಲ್ಲಿ, ಕಾಣೆಯಾಗಿದ್ದ ಆ ಪುಟ್ಟ ದೇಶದಿಂದ ಓದಲು ಬಂದಿದ್ದ ಒಬ್ಬ ಹುಡುಗಿ ಕೂತಿದ್ದಳು. ಗೋಳ ತಿರುಗಿದಾಗಲೆಲ್ಲ ಕತ್ತು ಚಾಚಿ ತನ್ನ ಮನೆ ಹುಡುಕುತ್ತಿದ್ದಳು. ಅದು ಸಮುದ್ರದಲ್ಲಿ ಸಿಕ್ಕಿದಾಗ ತಲೆ ತಗ್ಗಿಸಿದಳು. ಅಂಟಣ್ಣ ಅದನ್ನು ಕಂಡ.

ಅಷ್ಟರಲ್ಲಿ ರಾಯಭಾರ ಕಚೇರಿಯ ಅಧಿಕಾರಿ ವೇದಿಕೆ ಹತ್ತಿದರು. ಸ್ವಲ್ಪ ಕೈ ತೆಗೆಯುತ್ತೀರಾ ಎಂದು ಬಹಳ ವಿನಯದಿಂದ ಕೇಳಿದರು. ಅಂಟಣ್ಣ ಕೈ ತೆಗೆದ. ಅವರ ದೇಶ ಬಂದು ಅವರೆದುರು ನಿಂತಿತು. ಅಧಿಕಾರಿ ಬಗ್ಗಿ ನೋಡಿದರು. ಬೆಟ್ಟ ಮುಟ್ಟಿದರು. ಗಡಿಯ ಮೇಲೆ ಬೆರಳು ಹರಿಸಿದರು. ಅಂಟಣ್ಣ ಮನಸ್ಸಿನಲ್ಲೇ ಹೆಂಡತಿಯ ಕ್ಷಮೆ ಕೇಳಿದ.

"ಇಷ್ಟು ದಿನ ಎಲ್ಲರೂ ನಮ್ಮನ್ನ ಸಣ್ಣದಾಗೇ ತೋರಿಸ್ತಿದ್ರು," ಎಂದರು ಅಧಿಕಾರಿ. "ನಮ್ಮ ನಿಜವಾದ ಅಳತೆ ಗೊತ್ತಿರೋರು ಇಲ್ಲೊಬ್ರು ಇದಾರೆ."

ತಮ್ಮ ದೇಶದ ಶಾಲೆಗಳಿಗೆಲ್ಲ ಇಂಥದೇ ಗೋಳ ಬೇಕೆಂದು ಅಲ್ಲೇ ಯಜಮಾನರ ಕೈ ಕುಲುಕಿದರು. ಯಜಮಾನರ ಮುಖ ಹಿಗ್ಗಿತು. ಇಬ್ಬರೂ ಮೂಲೆಗೆ ಹೋಗಿ ಪಿಸುಮಾತಾಡಿದರು. ವಾಪಸು ಬರುವಾಗ ಯಜಮಾನರು ಅಂಟಣ್ಣನ ಬೆನ್ನು ತಟ್ಟಿದರು. ಹಾಗೆ ತಟ್ಟಿದ್ದು ಅದೇ ಮೊದಲು.

ಚರ್ಚೆ ಮುಗಿದು ಸಭಿಕರು ಕೈಯೆತ್ತಿದಾಗ ಎರಡೂ ಕಡೆ ಸಮ ಬಂತು. ಸಭೆಯ ಅಧ್ಯಕ್ಷೆ, ವೇದಿಕೆಯ ಮೇಲೇ ನಿಂತಿದ್ದೀರಲ್ಲ, ನಿಮ್ಮ ಅಭಿಪ್ರಾಯವೇನು ಎಂದು ಅಂಟಣ್ಣನನ್ನು ಕೇಳಿದರು. ಅಂಟಣ್ಣ ಆ ಹುಡುಗಿಯ ಕಡೆ ನೋಡಲಿಲ್ಲ. ಅಪಾಯವಿಲ್ಲ ಎಂದು ಕೈಯೆತ್ತಿದ. ಯಾರಿಂದಲೂ ಯಾರಿಗೂ ಅಪಾಯವಿಲ್ಲವೆಂದು ಸಭೆ ತೀರ್ಮಾನಿಸಿ ಟೀ ಕುಡಿಯಿತು.

ವ್ಯಾನು ಕಾರ್ಖಾನೆಯ ಮುಂದೆ ನಿಂತಾಗ ಅಂಟಣ್ಣ ಧೈರ್ಯ ಮಾಡಿ ಖಾಯಂ ವಿಷಯ ಎತ್ತಿದ. ಯಜಮಾನರು ಕೆಳಗಿಳಿದು ವ್ಯಾನಿನ ಬಾಗಿಲು ಹಾಕಿದರು.

"ಆರ್ಡರ್ ಜೊತೆ ಅವರ ಮೆಷಿನ್ನೂ ಬರುತ್ತೆ ಕಣಪ್ಪ. ನಿನ್ನ ಈ ಗೋಳಾನೇ ಅಚ್ಚು ತೆಗೀತಾರಂತೆ. ಎಷ್ಟು ಮಾಡಿದ್ರೂ ಇದೇ ಅಳತೆ. ನೀರಿಲ್ಲ, ಅಂಟಿಲ್ಲ."

"ಮತ್ತೆ ಗುಂಡಜ್ಜ? ಬಣ್ಣದಕ್ಕ?"

"ಅವರನ್ನ ತೆಗೆಯೋ ಹಾಗಿಲ್ಲ, ಖಾಯಂ ಅಲ್ವಾ. ಅಜ್ಜ ಬಾಗಿಲು ಕಾಯ್ತಾನೆ, ಅವಳು ಪ್ಯಾಕಿಂಗಿಗೆ. ನೀನು ಹಂಗಾಮಿ."

ದೊಡ್ಡ ದೇಶ ಆ ದಿನ ನಿಜವಾಗಿ ನುಂಗಿದ್ದು ಒಂದು ಮೇಜನ್ನು ಮಾತ್ರ. ಅದರ ಎಡಕ್ಕಿದ್ದ ಮೇಜೂ ಬಲಕ್ಕಿದ್ದ ಮೇಜೂ ಕ್ಷೇಮವಾಗಿದ್ದವು. ಅಂಟಣ್ಣ ಕತ್ತಲ ಕೋಣೆಗೆ ಹೋಗಿ ತನ್ನದೆಂದು ಹೇಳಿಕೊಳ್ಳುವಂಥದ್ದು ಏನಿದೆಯೆಂದು ತಡಕಾಡಿ, ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ಮನೆಗೆ ನಡೆದ.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಏನಾಯಿತು ಎಂದು ಕೇಳಿದಳು.

"ಅಪಾಯ ಇಲ್ಲ ಅಂತ ತೀರ್ಮಾನ ಆಯ್ತು," ಎಂದ ಅಂಟಣ್ಣ. "ನನ್ನ ಒಂದು ಕೈಯಿಂದಾನೇ ಗೆದ್ದಿದ್ದು."

ಅವಳು ನಗಲು ಹೊರಟವಳು ಅವನ ಜೇಬು ನೋಡಿದಳು.

"ಈ ಬ್ರಷ್ಷು ಯಾಕೆ ಮನೆಗೆ ತಂದ್ರಿ?"

"ಅಲ್ಲಿ ಇದಕ್ಕೆ ಇನ್ನು ಕೆಲಸ ಇಲ್ಲ," ಎಂದು ಅಂಟಣ್ಣ ಒಳಗೆ ಹೋಗಿ, ಬಣ್ಣ ಮೆತ್ತಿದ ಇಸ್ತ್ರಿ ಅಂಗಿಯನ್ನು ಬಿಚ್ಚಿ ಬಕೆಟ್ಟಿನಲ್ಲಿ ನೆನೆಹಾಕಿದ.